ಮಲಗಿದ ಗೆರೆ

“ಫೋಟೋಗೆ ಅಂತ ಕೂತ್ಕೊಳ್ತಿದೀನಿ, ಅಷ್ಟೇ. ನೊರೆ ಹಚ್ಚು, ಕತ್ತಿ ಹಿಡ್ಕೊಂಡು ನಿಂತ್ಕೋ. ಮುಖಕ್ಕೆ ಮಾತ್ರ ತಾಗಿಸ್ಬೇಡ,” ಎಂದು ಮೊದಲೇ ಷರತ್ತು ಹಾಕಿ ಅಪ್ಪ ಸಲೂನಿನ ಕೊನೆಯ ಕುರ್ಚಿಯಲ್ಲಿ ಕೂತರು.

ಕ್ಷೌರಿಕ ಮಗ ಆಯಿತೆಂದು ತಲೆಯಾಡಿಸಿದ. ಅಂಗಡಿಯ ಹೊಸ ಬೋರ್ಡಿಗೆ ಫೋಟೋ ಬೇಕಿತ್ತು; ವಾರದ ರಜೆಯಾದ್ದರಿಂದ ಕೂರಿಸಲು ಗಿರಾಕಿ ಇರಲಿಲ್ಲ. ಇದೇ ಅಂಗಡಿಯಲ್ಲಿ ಕತ್ತಿ ಹಿಡಿದು ಹಣ್ಣಾದ ಅಪ್ಪ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟರೂ ತಮ್ಮ ಗಡ್ಡವನ್ನು ಬಿಟ್ಟುಕೊಟ್ಟಿರಲಿಲ್ಲ. ಊರಿಗೆಲ್ಲ ಮಗನ ಕೈಯೇ ಆಗಬೇಕು, ಅಪ್ಪನಿಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಕೈ ನಡುಗಿ ಗದ್ದ ಕೊಯ್ದುಕೊಂಡು, ಹತ್ತಿ ಅಂಟಿಸಿಕೊಂಡು ತಿಂಡಿಗೆ ಬಂದರೂ “ಬ್ಲೇಡು ಸರಿಯಿಲ್ಲ” ಎನ್ನುತ್ತಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ. ಆ ಹತ್ತಿಯ ಚೂರು ಕಂಡಾಗಲೆಲ್ಲ ಮಗ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಅವನ ನಾದಿನಿ. ಫೋಟೋಗ್ರಫಿ ಕಲಿಯಲು ಸೇರಿದ ಮೇಲೆ ಅವಳಿಗೆ ಲೋಕವೆಲ್ಲ ಗೆರೆಯಾಗಿಯೇ ಕಾಣುತ್ತಿತ್ತು.

“ಭಾವ, ಕುರ್ಚಿ ಸಾಲು, ಕನ್ನಡಿ ಕೆಳಗಿನ ಹಲಗೆ, ನೆಲದ ಟೈಲ್ಸ್ ಸಂದು, ಎಲ್ಲಾ ಓಡಿ ಬಂದು ಮಾವನ ಹತ್ರಾನೇ ನಿಲ್ತಿದೆ. ಗೆರೆ ಹೋದ ಕಡೆ ಕಣ್ಣು ಹೋಗುತ್ತೆ.”

“ಅದೇನಮ್ಮಾ ಗೆರೆ ಅಂದ್ರೆ?” ಅಪ್ಪ ನೊರೆಯೊಳಗಿಂದ ಕೇಳಿದರು.

“ನೆಟ್ಟಗೆ ನಿಂತ ಗೆರೆ ಅಂದ್ರೆ ಗತ್ತು, ಮಾವ. ಓರೆ ಗೆರೆ ಅಂದ್ರೆ ಓಟ. ಮಲಗಿದ ಗೆರೆ ಅಂದ್ರೆ ನೆಮ್ಮದಿ.”

“ಹಾಗಾದ್ರೆ ನಿನ್ನ ಭಾವನ್ನ ಓರೆಯಾಗೇ ನಿಲ್ಸು. ಗಿರಾಕಿಗಳು ಓಡಿ ಹೋಗೋದಾದ್ರೂ ಕಾಣ್ಲಿ.”

ನಾದಿನಿ ಕಿಸಕ್ಕನೆ ನಕ್ಕು, ಮತ್ತೆ ಒಂದು ಕಣ್ಣು ಮುಚ್ಚಿ ನೋಡಿದಳು. “ಊಹೂಂ. ಭಾವ ಕಂಬದ ಹಾಗೆ ನಿಂತಿದಾರೆ, ಮಾವ ಕೋಲು ನುಂಗಿದ ಹಾಗೆ ಕೂತಿದಾರೆ. ನೋಡಿದವರಿಗೆ ಇಲ್ಲಿ ಹಲ್ಲು ಕೀಳ್ತಾರೇನೋ ಅನ್ಸುತ್ತೆ. ಕುರ್ಚಿ ಹಿಂದಕ್ಕೆ ಮಲಗ್ಸಿ ಭಾವ.”

ಮಗ ಕುರ್ಚಿಯ ಬೆನ್ನನ್ನು ಮೆಲ್ಲಗೆ ಮಲಗಿಸಿದ. ನಾದಿನಿ ಬಾಟಲಿಗಳನ್ನು ಸಾಲಾಗಿಸಿದಳು, ಟವೆಲುಗಳನ್ನು ಮಡಿಸಿಟ್ಟಳು, ಪೊರಕೆ ಅಡಗಿಸಿದಳು, ಸ್ಟೂಲು ಹತ್ತಿ ಇಳಿದಳು. ಮೇಲೆ ಫ್ಯಾನು, ಮುಖಕ್ಕೆ ತಣ್ಣನೆಯ ನೊರೆ. “ಆಯ್ತಾ?” ಎಂದು ಗದರುತ್ತಿದ್ದ ಅಪ್ಪ ಆಮೇಲೆ ಗದರಲೂ ಇಲ್ಲ, ಮಿಸುಕಲೂ ಇಲ್ಲ. ಸಣ್ಣಗೆ ಗೊರಕೆ ಕೇಳಿಸಿತು.

ಮಗ ಬಗ್ಗಿ ನೋಡಿದ. ಗದ್ದ ಮೇಲೆತ್ತಿ, ಕತ್ತು ಚಾಚಿ, ಮಗುವಿನಂತೆ ಮಲಗಿದ್ದರು. ಅಪ್ಪ ಇಷ್ಟು ಹಗುರಾಗಿದ್ದುದನ್ನು ಅವನು ಎಂದೂ ಕಂಡಿರಲಿಲ್ಲ. ಮಾತು ಕೊಟ್ಟಿದ್ದು ನಿಜ. ಆದರೆ ನೊರೆ ಒಣಗುತ್ತಿತ್ತು. ಒಣಗುವ ನೊರೆಯನ್ನು ನೋಡಿಕೊಂಡು ಸುಮ್ಮನಿರುವುದು ಯಾವ ಕ್ಷೌರಿಕನಿಂದಲೂ ಆಗದ ಕೆಲಸ. ಕೈ ಗಟ್ಟಿ ಮಾಡಿಕೊಂಡು ಕಿವಿಯ ಬುಡದಿಂದ ಕತ್ತಿ ಇಳಿಸಿದ. ಒಂದು ಕೆನ್ನೆ ಮುಗಿಯುವ ಹೊತ್ತಿಗೆ ನಾದಿನಿ ಪಿಸುಗುಟ್ಟಿದಳು: “ಹಾಗೇ ಇರಿ ಭಾವ.” ಕ್ಯಾಮೆರಾ ಟಪ್ಪೆಂದಿತು.

ಸದ್ದಿಗೆ ಅಪ್ಪ ಎದ್ದು ಕೂತರು. ಮಗ ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾದಿನಿಗೆ ಅಪ್ಪ ಹಾಕಿದ್ದ ಷರತ್ತು ಮರೆತೇ ಹೋಗಿತ್ತು. ಸಂಭ್ರಮದಿಂದ ಕ್ಯಾಮೆರಾವನ್ನು ಅಪ್ಪನ ಮುಖದ ಮುಂದೆಯೇ ಹಿಡಿದಳು. ಕುರ್ಚಿಗಳು, ಹಲಗೆ, ನೆಲ, ಎಲ್ಲವೂ ಬಂದು ಸೇರಿದ ಜಾಗದಲ್ಲಿ ಒಬ್ಬ ಮುದುಕ ನಿಶ್ಚಿಂತೆಯಿಂದ ಮಲಗಿದ್ದ. ಅವನ ಮೇಲೆ ಬಾಗಿದ ಮಗ ಉಸಿರು ಬಿಗಿಹಿಡಿದಿದ್ದ.

ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ನಡುಗುವ ಬೆರಳಿನಿಂದ ತಮ್ಮ ಬಲಗೆನ್ನೆ ಸವರಿಕೊಂಡರು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಸವರಿದರು. ಬೆರಳಿಗೆ ಒಂದು ಕೂದಲೂ ತಾಗಲಿಲ್ಲ.

“ತಾಗಿಸ್ಬೇಡ ಅಂದಿದ್ನಲ್ಲೋ.”

“ನೊರೆ ಒಣಗ್ತಿತ್ತು, ಅಪ್ಪಾ.”

ಅಪ್ಪ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ, ತಾವಾಗಿಯೇ ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿ ಗದ್ದ ಎತ್ತಿದರು.

“ಇನ್ನೊಂದು ಕೆನ್ನೆ ಏನು ಪಾಪ ಮಾಡಿತ್ತು?”