ಹೊಸ್ತಿಲ ಸೇರು

೨೦೨೪ರ ನವೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ಫ್ಲಾಟೊಂದರ ಬಾಲ್ಕನಿಯಲ್ಲಿರುವ ಈಶ್ವರಪ್ಪನವರ ಸೇರು ಮ್ಯೂಸಿಯಂನಲ್ಲಿ, ಗೋಡೆಯುದ್ದಕ್ಕೂ ಅಕ್ಕಿ ಅಳೆಯುವ ಸೇರುಗಳು: ಹಿತ್ತಾಳೆಯವು, ಕಬ್ಬಿಣದವು, ಬಿದಿರಿನದೂ ಒಂದು. ವಿಜಯಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಅವರ ಕಣ್ಣೆಲ್ಲ ಮೇಜಿನ ಮೇಲಿದ್ದ ಎರಡು ಹಿತ್ತಾಳೆ ಸೇರುಗಳ ಮೇಲೆ. ಒಂದು ಅವರದು, ಇನ್ನೊಂದು ವಾರಗಿತ್ತಿ ಸುಮಿತ್ರಾ ಅವರದು. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಅಕ್ಕಿ ತುಂಬಿಟ್ಟ ಯಾವ ಸೇರನ್ನು ಒದ್ದು ಒಳಗೆ ಬಂದರೋ, ಅದನ್ನೇ ಅತ್ತೆ ಅವರವರಿಗೆ ಕೊಟ್ಟಿದ್ದರು.

"ಒಂದೇ ಮನೆಯ ಜೋಡಿ! ನನ್ನ ಮ್ಯೂಸಿಯಂಗೆ ಇದೇ ಮೊದಲು," ಎಂದು ಈಶ್ವರಪ್ಪ ಕೈ ಉಜ್ಜಿಕೊಂಡರು.

"ಜೋಡಿ ಎಲ್ಲಿ ಬಂತು?" ಎಂದರು ವಿಜಯಮ್ಮ. "ದೊಡ್ಡ ಸೊಸೆಗೆ ದೊಡ್ಡದು, ನನಗೆ ಸಣ್ಣದು. ಅಳೆದು ಹೇಳಿ, ಈಶ್ವರಪ್ಪನವರೇ. ಮೂವತ್ತೆಂಟು ವರ್ಷದಿಂದ ಬಾಯಿ ಬಡ್ಕೊಳ್ತಿದೀನಿ, ಅಕ್ಕ ಬರೀ ನಗ್ತಾರೆ."

"ಅಚ್ಛಾ, ಅಳೀಲಿ ಬಿಡು. ಮೆಟ್ರೋದಲ್ಲೂ ಇದೇ ಪುರಾಣ ಆಯ್ತು," ಎಂದರು ಸುಮಿತ್ರಾ.

ಈಶ್ವರಪ್ಪ ನಿವೃತ್ತಿಯವರೆಗೂ ಅಳತೆಯ ಪ್ರಯೋಗಾಲಯದಲ್ಲಿದ್ದವರು. ಸುಮಿತ್ರಾರ ಸೇರಿಗೆ ಅಂಚಿನವರೆಗೆ ನೀರು ತುಂಬಿ, ಗೀಟು ಹಾಕಿದ ಗಾಜಿನ ಜಾಡಿಗೆ ಸುರಿದು, ಬಗ್ಗಿ ನೀರಿನ ಮಟ್ಟಕ್ಕೆ ಕಣ್ಣಿಟ್ಟು ಓದಿದರು. ಆಮೇಲೆ ವಿಜಯಮ್ಮನದು.

"ಇದು ಕಡಿಮೆ. ಹದಿನೆಂಟು ಮಿಲಿಲೀಟರ್."

"ನೋಡಿದ್ರಾ ಅಕ್ಕ!" ವಿಜಯಮ್ಮ ಚಪ್ಪಾಳೆ ತಟ್ಟಿದರು. "ಈಗ್ಲಾದ್ರೂ ಒಪ್ಕೊಳ್ಳಿ, ಅತ್ತೆ ಭೇದ ಮಾಡಿದ್ರು!"

ಈಶ್ವರಪ್ಪ ಸೇರನ್ನು ತಿರುಗಿಸಿ ನೋಡಿದರು. "ತಳ ಒಳಕ್ಕೆ ತಗ್ಗಿದೆಯಲ್ಲ?"

"ನಾನು ಆ ಮನೆಗೆ ಬಂದ ದಿನದಿಂದಲೂ ಹಾಗೇ ಇದೆ."

"ಬಂದ ದಿನದಿಂದಲೇ!" ಸುಮಿತ್ರಾ ಹೊಟ್ಟೆ ಹಿಡಿದು ನಕ್ಕರು. "ಹೆಬ್ಬೆರಳು ತಾಗಿಸು ಅಂದ್ರೆ ಫುಟ್‌ಬಾಲ್ ಒದ್ದ ಹಾಗೆ ಒದ್ದೆಯಲ್ಲೇ! ಸೇರು ಹಾರಿಹೋಗಿ ಒರಳುಕಲ್ಲಿನ ಅಂಚಿಗೆ ಬಡೀತು. ವಾಲಗದ ಗದ್ದಲ, ನೀನು ಬೇರೆ ತಲೆ ತಗ್ಗಿಸಿದ್ದೆ. ಅತ್ತೆ ಸೆರಗಲ್ಲಿ ಮುಚ್ಚಿ ಎತ್ಕೊಂಡ್ರು. 'ಯಾರಿಗೂ ಹೇಳ್ಬೇಡ, ಹೊಸ ಹುಡುಗಿ ನೊಂದ್ಕೋತಾಳೆ' ಅಂತ ನನ್ನಿಂದ ಆಣೆ ಹಾಕಿಸ್ಕೊಂಡ್ರು. ಇವತ್ತು ಮುರಿದೆ."

ವಿಜಯಮ್ಮ ತಳದ ತಗ್ಗಿನ ಮೇಲೆ ಬೆರಳಾಡಿಸಿದರು. "ಸುಳ್ಳು," ಎಂದರು.

"ಅದನ್ನೂ ಅಳೆದೇ ಬಿಡೋಣ!" ಈಶ್ವರಪ್ಪನವರ ಕಣ್ಣು ಅರಳಿತು. ಸೇರನ್ನು ಬೋರಲು ಹಾಕಿ, ತಳದ ತಗ್ಗಿಗೆ ಸಿರಿಂಜಿನಿಂದ ನೀರು ಬಿಡತೊಡಗಿದರು. ಐದು. ಹತ್ತು. ಮೂರು ತಲೆಗಳು ಒಂದಕ್ಕೊಂದು ತಾಗುವಷ್ಟು ಬಾಗಿದ್ದವು. ಹದಿನೈದು. ವಿಜಯಮ್ಮನ ಬಲಗಾಲಿನ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು. ತಗ್ಗು ತುಂಬಿ ನೀರು ತಳಕ್ಕೆ ಸಮನಾಯಿತು.

ಹದಿನೆಂಟು ಮಿಲಿಲೀಟರ್.