ಪೊಟ್ಟಣ ಪೂರ್ತಿ

ಮಗಳ ಮನೆಯ ಬಾಗಿಲು ತಳ್ಳಿ ಒಳಗೆ ಬಂದ ಓಕ್‌ಸುನ್‌ಗೆ ಮೊದಲು ಕಂಡದ್ದು ಸಿಂಕಿನಿಂದ ಹೊರಗೆ ಇಳಿಬಿದ್ದಿದ್ದ ಕಡಲಪಾಚಿ. ಬಕೆಟ್ಟಿನಲ್ಲೂ ಅದೇ, ಬಟ್ಟೆ ನೆನೆಸುವ ಟಬ್ಬಿನಲ್ಲೂ ಅದೇ. ಅದರ ನಡುವೆ, ಮೊಣಕೈವರೆಗೆ ಒದ್ದೆಯಾಗಿ, ಮಗಳು ಸೊರಾ ಮೆಚ್ಚಿದ ಹುಡುಗ ಎಫ್ರೈನ್ ನಿಂತಿದ್ದ.

"ಏನಯ್ಯಾ ಇದು ಅವತಾರ?"

"ಸೊರಾ ಹುಟ್ಟುಹಬ್ಬ ಅಲ್ವಾ ಅಮ್ಮಾ, ನಿಮ್ಮ ಕಡೆ ಪದ್ಧತಿ ಹಾಗೆ ಪಾಚಿ ಸಾರು ಮಾಡೋಣ ಅಂತ... ಪೊಟ್ಟಣ ಪೂರ್ತಿ ನೆನೆಹಾಕ್ಬಿಟ್ಟೆ. ಒಣಗಿದಾಗ ಇಷ್ಟೇ ಇಷ್ಟಿತ್ತು, ಈಗ ಉಬ್ತಾನೇ ಇದೆ!"

"ಯಾರಿಗಯ್ಯಾ ಅಮ್ಮ? ಒಂದು ಹಿಡಿ ಹಾಕಿದ್ರೆ ಮನೆಮಂದಿಗೆಲ್ಲ ಸಾಕು. ಇನ್ನೇನು, ಇಡೀ ಲಾಸ್ ಏಂಜಲೀಸನ್ನೇ ಊಟಕ್ಕೆ ಕರಿ!"

ಸೊರಾ ಟಬ್ಬಿನ ಪಕ್ಕ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅಮ್ಮ ಬಂದದ್ದು ಹರಸುವುದಕ್ಕೆ ಮಾತ್ರವಲ್ಲ. ಚರ್ಚಿನ ಕ್ವಾಕ್ ಅಕ್ಕ ತಂದಿರುವ ಹಲ್ಲಿನ ಡಾಕ್ಟರ ಸಂಬಂಧಕ್ಕೆ ಇವತ್ತು ಹೂಂ ಅನ್ನಿಸಿಕೊಂಡೇ ಹೋಗುತ್ತೇನೆಂದು ಫೋನಿನಲ್ಲೇ ಹೇಳಿದ್ದಳು. ಆ ಡಾಕ್ಟರ ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಎಲ್ಲ ಆಗಲೇ ಕೇಳಿ ಮುಗಿದಿತ್ತು. ನಮ್ಮ ಕೊರಿಯಾದ ಹೆಂಗಸರು ಭಾನುವಾರ ಎಷ್ಟೇ ಭಕ್ತಿಯಿಂದ ಪ್ರಾರ್ಥನೆ ಮಾಡಲಿ, ಮದುವೆಯ ಮಾತು ಬಂತೆಂದರೆ ಕೇಳುವುದು ಹುಟ್ಟಿದ ಗಳಿಗೆಯನ್ನೇ! ಎಫ್ರೈನ್ ಮೆಕ್ಸಿಕೋದವರ ಹುಡುಗ, ಲಿಫ್ಟ್ ರಿಪೇರಿ ಮಾಡುತ್ತಾನೆ, ಎರಡು ವರ್ಷದಿಂದ ಬಂದುಹೋಗುತ್ತಿದ್ದಾನೆ. ಓಕ್‌ಸುನ್ ಅವನಿಗೆ ಊಟ ಬಡಿಸಿದ್ದಳು, ಬೈದಿದ್ದಳು, ತನ್ನ ಮನೆಯ ನಲ್ಲಿಯನ್ನೂ ಸರಿ ಮಾಡಿಸಿಕೊಂಡಿದ್ದಳು. ಗಳಿಗೆ ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಅಪ್ಪ ಹೋದ ಮೇಲೆ ಇಸ್ತ್ರಿ ಅಂಗಡಿಯಲ್ಲಿ ಒಬ್ಬಳೇ ದುಡಿದು ಸಾಕಿದ ಅಮ್ಮನ ಮಾತು ಮೀರಿ ಮದುವೆಯಾಗುವುದು ಸೊರಾಳಿಂದ ಆಗದ ಕೆಲಸ. ಅವನನ್ನು ಬಿಡುವುದೂ ಆಗದು.

ಸಾರು ಕುದಿದ ಮೇಲೆ ಎಫ್ರೈನ್ ಮೊದಲ ಬಟ್ಟಲು ತುಂಬಿ, ಎರಡೂ ಕೈಯಲ್ಲಿ ಹಿಡಿದು ತಂದು ಓಕ್‌ಸುನ್ ಮುಂದೆ ಇಟ್ಟ.

"ಹುಟ್ಟುಹಬ್ಬ ಅವಳದು. ನನಗ್ಯಾಕೆ ಮೊದಲು?"

"ಇದು ಬಾಣಂತಿ ಸಾರಂತಲ್ಲ ಅಮ್ಮಾ. ಅವತ್ತು ಬಾಣಂತಿ ನೀವೇ ತಾನೇ?"

ಓಕ್‌ಸುನ್ ಬಟ್ಟಲು ನೋಡಿದಳು, ಟಬ್ಬು ನೋಡಿದಳು, ಸಿಂಕು ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಏನಾಯ್ತೇ?" ಸೊರಾ ಗಾಬರಿಯಾದಳು.

"ನಿಮ್ಮಪ್ಪ ಕಣೇ! ನೀನು ಹುಟ್ಟಿದಾಗ ನನ್ನಮ್ಮ ಸಮುದ್ರದ ಆಚೆ. ಬಾಣಂತನ ಮಾಡೋಕೆ ಒಂದು ನರಪಿಳ್ಳೆ ಇಲ್ಲ. ಮೊಟ್ಟೆ ಬೇಯಿಸೋಕೂ ಬಾರದ ಮಹರಾಯರು, ನಾನೇ ಸಾರು ಮಾಡ್ತೀನಿ ಅಂತ ಹೋಗಿ, ಹಿಂಗೇ ಪೊಟ್ಟಣ ಪೂರ್ತಿ ನೆನೆಹಾಕಿದ್ರು. ಸ್ನಾನದ ತೊಟ್ಟೀಲೂ ಪಾಚಿ! ಮಲಗಿದ್ದಲ್ಲಿಂದಲೇ ಬಾಯಿಗೆ ಬಂದಂಗೆ ಬೈದೆ. ಆದ್ರೆ ನನ್ನನ್ನ ಎಬ್ಬಿಸಿ ನಿಲ್ಲಿಸಿದ್ದು, ನಿನಗೆ ಹಾಲು ಕೊಟ್ಟಿದ್ದು ಅದೇ ಸಾರು. ಅವರು ಹೋದ ಮೇಲೆ ನನಗೆ ಅಂತ ಯಾರೂ ಮಾಡಿರ್ಲಿಲ್ಲ."

ಅವಳು ಬಟ್ಟಲು ಎತ್ತಿ ಕೊನೆಯ ಗುಟುಕಿನವರೆಗೂ ಕುಡಿದಳು. ತಾನು ಮುಖವನ್ನೇ ಕಂಡಿಲ್ಲದ ಸೊರಾಳ ಅಪ್ಪ ಅಡುಗೆಮನೆಯಲ್ಲಿ ಒದ್ದೆಯಾಗಿ ಪೇಚಾಡುತ್ತಿರುವುದನ್ನು ನೆನೆದು ಎಫ್ರೈನ್‌ನ ಕಣ್ಣೂ ತೇವಗೊಂಡಿತು. ಅಪ್ಪನಿಗೂ ಇವನಿಗೂ ಅಡುಗೆ ಬಾರದ್ದಕ್ಕೆ ಸೊರಾ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು.

"ಉಪ್ಪು ಜಾಸ್ತಿ," ಎಂದಳು ಓಕ್‌ಸುನ್. ಖಾಲಿ ಬಟ್ಟಲನ್ನು ಎಫ್ರೈನ್ ಕಡೆ ಚಾಚಿದಳು. "ಇನ್ನೊಂದು ಸೌಟು ಹಾಕು. ಆಮೇಲೆ, ನೀನು ಹುಟ್ಟಿದ್ದು ಯಾವ ವರ್ಷ? ತಿಂಗಳು, ದಿನ?"

ಸೊರಾ ಥಟ್ಟನೆ ಅಮ್ಮನ ಕಡೆ ತಿರುಗಿದಳು. ಅವನು ಹೇಳಿದ.

"ಗಳಿಗೆ?"

"ಅದು... ಗೊತ್ತಿಲ್ಲ ಅಮ್ಮಾ."

"ಗೊತ್ತಿಲ್ವಾ? ಹಾಗಾದ್ರೆ ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬಾ, ಅವರನ್ನೇ ಕೇಳ್ತೀನಿ. ಸಾರಂತೂ ಬೇಕಾದಷ್ಟಿದೆ."