ಎರಡನೆಯ ಬಿಂದಿಗೆ

ಮದುವೆ ಉಡುಗೊರೆಯ ಪಾತ್ರೆಗೆ ಈಗ ಯಾರೂ ಆರ್ಡರ್ ಕೊಡುವುದಿಲ್ಲ. ಯಾರಿಗೆ ಯಾರ ಜೊತೆ ಮದುವೆಯಾಗುತ್ತದೆ ಎಂಬುದು ದಾವಣಗೆರೆಯ ಪಾತ್ರೆ ಕಾರ್ಖಾನೆಯ ಕಂಪ್ಯೂಟರಿಗೆ ಮೊದಲೇ ಗೊತ್ತಿರುತ್ತದೆ. ಅದು ಕಳಿಸಿದ ಹೆಸರುಗಳನ್ನು ಪಂಚಾಕ್ಷರಿ ಕೆತ್ತುತ್ತಾನೆ, ಜೋಡಿಗೆ ಒಂದು ಬಿಂದಿಗೆ. ಬಿಂದಿಗೆ ಮನೆಗೆ ಬಂದಮೇಲೆ ಹೆಣ್ಣು ನೋಡುವ ಶಾಸ್ತ್ರ. ಹೋದ ವರ್ಷ ಹರಿಹರದಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು, ಬಂದ ಬಿಂದಿಗೆ ದಂಡವಾಗಬಾರದೆಂದು ಮದುವೆಯಾದರು.

ಸೋಮವಾರ ಬೆಳಿಗ್ಗೆ ಪಂಚಾಕ್ಷರಿಯ ಮುಂದೆ ಎರಡು ಬಿಂದಿಗೆ ಬಂದವು. ಎರಡಕ್ಕೂ ಒಂದೇ ಜೋಡಿಯ ಹೆಸರು: ಪಂಚಾಕ್ಷರಿ, ಸರ್ವಮಂಗಳ. ಎರಡು ಯಾಕೋ ತಿಳಿಯಲಿಲ್ಲ. ಸರ್ವಮಂಗಳ ಎಂದರೆ ತಪಾಸಣೆಯ ಮೇಡಂ. ಆರು ವರ್ಷದಿಂದ ಅವನ ಕೆಲಸದಲ್ಲಿ ತಪ್ಪು ಹುಡುಕುವುದೇ ಆಕೆಯ ಕೆಲಸ. ಅವನು ಬೆವರುತ್ತಾ ಒಂದನ್ನು ಕೆತ್ತಿ ಆಕೆಯ ಮೇಜಿನ ಮೇಲಿಟ್ಟ.

ಆಕೆ ನೀರು ತುಂಬಿಸಿ, ಸೋರುತ್ತದೆಯೇ ಎಂದು ನೋಡಿದಳು. ಹೆಸರು ಓದಿದಳು. ಇನ್ನೊಮ್ಮೆ ಓದಿದಳು.

"ರಿಜೆಕ್ಟ್," ಎಂದಳು.

"ಯಾಕ್ರೀ ಮೇಡಂ?"

"ನನ್ನ ಹೆಸರು ಕೆತ್ತೋವಾಗ ನಿಮ್ಮ ಕೈ ನಡುಗೈತ್ರಿ. ಸಾಯೋತನ ಇದನ್ನ ನೋಡಾಕಿ ನಾನು. ನೆಟ್ಟಗೆ ಕೆತ್ರಿ."

ಕಂಪ್ಯೂಟರು ಎರಡನೆಯ ಬಿಂದಿಗೆ ಯಾಕೆ ಕಳಿಸಿತ್ತೆಂದು ಪಂಚಾಕ್ಷರಿಗೆ ಆಗ ಅರ್ಥವಾಯಿತು.